ಲೋಲಾಕ್ಷಿ ಟೀಚರ್ ಮೂಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ಸುಳ್ಳೇನಲ್ಲ. ಆದರೆ ನಾನೀಗ ಹೇಳಹೊರಟದ್ದು ನನ್ನ ಮೂಗಿನ ವಿಷಯವಲ್ಲ, ಲೋಲಾಕ್ಷಿ ಟೀಚರ್ ಮೂಗಿನ ವಿಷಯ. ಆ ಮೂಗಿಗೆ ನಮ್ಮ ಶಾಲೆಯಲ್ಲಿ ಒಂದು ಕಾಲಕ್ಕೆ ಹೆಡ್‌ಮಾಸ್ತರರಿಗಿಂತ ಹೆಚ್ಚಿನ ಮರ್ಯಾದೆ ಇತ್ತು.

ನಮ್ಮದು ಕಳಂಬೋಲಿಯ ಕಬ್ಬಿಣದ ಬಜಾರಿನ ಹಿಂದಿರುವ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ. ಲಾರಿಗೆ ಸರಳು ಹೇರುವವರ, ತಗಡಿನ ಪತ್ರೆ ಎತ್ತುವವರ, ಕಟ್ಟಡಕ್ಕೆ ಹೋಗುವವರ ಮಕ್ಕಳು ಬರುತ್ತಾರೆ. ರಾಯಚೂರು, ಕಲಬುರಗಿ, ವಿಜಯಪುರದಿಂದ ಈ ಮರಾಠಿ ಸೀಮೆಗೆ ದುಡಿಯಲು ಬಂದ ಮನೆಗಳು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಅರ್ಧ ಉತ್ತರ ಹಿಂದಿಯಲ್ಲಿ ಬರುತ್ತದೆ. ನಾನು ನಾಗವೇಣಿ, ಕಲಬುರಗಿ ಕಡೆಯವಳು, ಕನ್ನಡ ಮತ್ತು ಮರಾಠಿ ಕಲಿಸುತ್ತೇನೆ. ಲೋಲಾಕ್ಷಿ ಟೀಚರ್ ಉಡುಪಿ ಕಡೆಯವರು, ನನಗಿಂತ ಹಿರಿಯರು, ಚಿಕ್ಕ ಇಯತ್ತೆಗಳಿಗೆ ವಿಜ್ಞಾನ ಕಲಿಸುತ್ತಾರೆ. ಪುಸ್ತಕದ ಮೇಲೆ ಪರಿಸರ ಅಭ್ಯಾಸ ಎಂದು ಅಚ್ಚಾಗಿದ್ದರೂ ಅವರು ವಿಜ್ಞಾನ ಎಂದೇ ಹೇಳುತ್ತಾರೆ. ಪರಿಸರ ಅಂದರೆ ಮಕ್ಕಳು ಕಿಟಕಿ ಹೊರಗೆ ನೋಡುತ್ತಾರಂತೆ, ವಿಜ್ಞಾನ ಅಂದರೆ ತಮ್ಮ ಕೈ ನೋಡಿಕೊಳ್ಳುತ್ತಾರಂತೆ.

ಅವರ ಮೂಗು ಹೆಸರು ಮಾಡಿದ್ದು ಖಿಚಡಿಯಿಂದ. ಮಧ್ಯಾಹ್ನದ ಖಿಚಡಿ ಹೊರಗಿನ ಅಡುಗೆಮನೆಯಿಂದ ಟೆಂಪೊದಲ್ಲಿ ದೊಡ್ಡ ಸ್ಟೀಲ್ ಡಬರಿಗಳಲ್ಲಿ ಬರುತ್ತದೆ. ಮಕ್ಕಳಿಗೆ ಬಡಿಸುವ ಮೊದಲು ಒಬ್ಬ ಶಿಕ್ಷಕರು ತಿಂದು ನೋಡಿ ಸರಿ ಅನ್ನಬೇಕು, ಅದು ಸರಕಾರದ ನಿಯಮ. ಬಹಳ ಹಿಂದೆ ಒಂದು ದಿನ ಡಬರಿ ಇನ್ನೂ ಟೆಂಪೊದಿಂದ ಇಳಿದಿರಲಿಲ್ಲ, ಲೋಲಾಕ್ಷಿ ಟೀಚರ್ ವರಾಂಡದಲ್ಲಿ ನಿಂತೇ "ಇದು ಹಳಸಿದೆ, ವಾಪಸ್ ತೆಗೊಂಡು ಹೋಗಿ" ಅಂದರು. ಡ್ರೈವರ್ ಜಗಳಕ್ಕೆ ಬಂದ. ಮುಚ್ಚಳ ತೆಗೆದರೆ ಮೇಲೆಲ್ಲ ನೊರೆ. ಡ್ರೈವರ್ ಮುಚ್ಚಳ ಮುಚ್ಚಿ ಡಬರಿ ಹೇರಿಕೊಂಡು ಹೋದ. ಅಂದಿನಿಂದ ನಮ್ಮ ಹೆಡ್‌ಮಾಸ್ತರ ಯಂಕಪ್ಪ ಸರ್ ಆ ಕೆಲಸವನ್ನು ಅವರ ಹೆಸರಿಗೇ ಬರೆದುಬಿಟ್ಟರು. ಯಾರೇ ಸಾಹೇಬರು ಬರಲಿ, "ಇವರೇ ನೋಡ್ರಿ ನಮ್ಮ ಮೂಗು" ಎಂದು ಲೋಲಾಕ್ಷಿ ಟೀಚರನ್ನು ಮುಂದೆ ನಿಲ್ಲಿಸುತ್ತಿದ್ದರು. ಅವರು ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಒಳಗೊಳಗೇ ಖುಷಿಯೂ ಪಡುತ್ತಿದ್ದರು, ಪಡಬಾರದೇ?

ಇನ್ನೊಂದು, ಅವರ ಬಟ್ಟಲುಗಳ ಪಾಠ. ಮೂರನೇ ಇಯತ್ತೆಯಲ್ಲಿ ಜ್ಞಾನೇಂದ್ರಿಯಗಳ ಪಾಠ ಬಂದಾಗ ಅವರು ಮನೆಯಿಂದ ಸಣ್ಣ ಸ್ಟೀಲ್ ಬಟ್ಟಲುಗಳನ್ನು ತರುತ್ತಿದ್ದರು. ಒಂದರಲ್ಲಿ ಇಂಗು, ಒಂದರಲ್ಲಿ ಕರ್ಪೂರ, ಒಂದರಲ್ಲಿ ಮಲ್ಲಿಗೆ, ಒಂದರಲ್ಲಿ ಒಣಮೀನು. ಎಲ್ಲದಕ್ಕೂ ಕಾಗದದ ಮುಚ್ಚಳ, ಮುಚ್ಚಳಕ್ಕೆ ತೂತು. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಮೂಸಿ ಹೇಳಿಸುವುದು. ಒಂದು ಬಟ್ಟಲಲ್ಲಿ ಮಾತ್ರ ಬಜಾರಿನಿಂದ ಹೆಕ್ಕಿ ತಂದ ತುಕ್ಕು ಹಿಡಿದ ನಟ್ಟು, ಅದರ ಮೇಲೆ ನಾಲ್ಕು ಹನಿ ನೀರು. ಬೇರೆ ಊರಿನ ಮಕ್ಕಳು ಅದಕ್ಕೆ ತಡಬಡಿಸಬಹುದು. ನಮ್ಮ ಮಕ್ಕಳು ಮುಚ್ಚಳ ಮೂಗಿನ ಹತ್ತಿರ ಬರುವ ಮೊದಲೇ "ಅಪ್ಪನ ಅಂಗಿ!" ಅನ್ನುತ್ತಾರೆ.

ಈಗ ರೈಲಿನ ವಿಷಯಕ್ಕೆ ಬರುತ್ತೇನೆ. ನಾನಿರುವುದು ದಿವಾದಲ್ಲಿ. ಅವರು ಡೊಂಬಿವಲಿಯಿಂದ ಲೋಕಲ್‌ನಲ್ಲಿ ದಿವಾಕ್ಕೆ ಬಂದು ಇಳಿಯುತ್ತಾರೆ. ಅಲ್ಲಿಂದ ಇಬ್ಬರೂ ಪನ್ವೇಲ್ ಕಡೆಯ ಗಾಡಿ ಹಿಡಿಯುತ್ತೇವೆ. ನಡುವೆ ಕೆಮಿಕಲ್ ಕಾರ್ಖಾನೆಗಳ ಒಂದು ಸಾಲು ಬರುತ್ತದೆ. ಆ ಜಾಗ ಬಂತೆಂದರೆ ಇಡೀ ಲೇಡೀಸ್ ಡಬ್ಬಿ ಒಟ್ಟಿಗೇ ಓಢಣಿ, ಸೆರಗು, ಕರವಸ್ತ್ರ ಮೂಗಿಗೆ ಹಿಡಿಯುತ್ತದೆ. ಮಾತು ಮುರಿಯುವುದಿಲ್ಲ, ಬಟ್ಟೆಯ ಒಳಗಿನಿಂದಲೇ ನಡೆಯುತ್ತದೆ. ವರ್ಷಗಟ್ಟಲೆ ಹೀಗೇ ಹೋಗಿದ್ದೇವೆ.

ಹೋದ ವರ್ಷ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕಾರ್ಖಾನೆಗಳು ಇನ್ನೂ ದೂರ ಇದ್ದವು. ಎದುರಿಗೆ ಕೂತ ಹುಡುಗಿ ಕಿವಿಯೋಲೆ ಓಢಣಿಗೆ ಸಿಕ್ಕಿಹಾಕಿಕೊಂಡಿತೆಂದು ಅದನ್ನು ಮುಖದ ಮೇಲೆ ಎಳೆದುಕೊಂಡಳು. ಅವಳ ಹಿಂದೆಯೇ ಲೋಲಾಕ್ಷಿ ಟೀಚರ್ ಸೆರಗು ಎತ್ತಿ ಮೂಗಿಗೆ ಹಿಡಿದರು.

ನಾನು ಗಾಳಿ ಎಳೆದು ನೋಡಿದೆ. ಏನೂ ಇಲ್ಲ. ಯಾರದೋ ತಲೆಗೆಣ್ಣೆಯ ವಾಸನೆ, ಅಷ್ಟೇ.

"ಏನ್ ಬಂತ್ರಿ ಅಕ್ಕಾ?" ಅಂದೆ.

"ಅದೇ, ಆ ಕೆಟ್ಟ ವಾಸನೆ."

"ಇನ್ನಾ ಬಂದೇ ಇಲ್ಲಲ್ರಿ."

ಅವರು ಸುತ್ತ ನೋಡಿದರು. ಯಾರ ಮೂಗಿಗೂ ಬಟ್ಟೆ ಇರಲಿಲ್ಲ. ಅವರ ಸೆರಗು ನಿಧಾನವಾಗಿ ತೊಡೆಯ ಮೇಲೆ ಇಳಿಯಿತು. ಮುಖದಲ್ಲಿ ಗಾಬರಿಯಾಗಲಿ ನಾಚಿಕೆಯಾಗಲಿ ಕಾಣಲಿಲ್ಲ. ಆಮೇಲೆ ಕಾರ್ಖಾನೆಗಳು ನಿಜವಾಗಿಯೂ ಬಂದವು, ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮುಚ್ಚದೆ ಅವರನ್ನೇ ನೋಡುತ್ತಾ ಕೂತೆ. ಎಲ್ಲರದೂ ಆದ ಮೇಲೆ, ತುಸು ತಡವಾಗಿ, ಅವರ ಸೆರಗು ಮೇಲೇರಿತು.

ಕಳಂಬೋಲಿಯಲ್ಲಿ ಇಳಿದು ಶಾಲೆಯ ಕಡೆ ನಡೆಯುವಾಗ ಅವರೇ ಹೇಳಿದರು. ಕೊರೊನಾದ ಎರಡನೇ ಅಲೆಯಲ್ಲಿ ಜ್ವರ ಬಂದಾಗ ಹೋದ ವಾಸನೆ ತಿರುಗಿ ಬರಲಿಲ್ಲ. ಕೆಲವು ತಿಂಗಳಲ್ಲಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ದಿನಾ ಲವಂಗ, ನಿಂಬೆ ಮೂಸಿ ಅಭ್ಯಾಸ ಮಾಡಿ ಅಂದಿದ್ದರಂತೆ. ಪಾಠದ ಆ ಬಟ್ಟಲುಗಳನ್ನೇ ಅಡುಗೆಮನೆಯಲ್ಲಿ ಸಾಲಾಗಿ ಇಟ್ಟುಕೊಂಡು ತಿಂಗಳುಗಟ್ಟಲೆ ಮೂಸಿದರಂತೆ.

"ಉಪ್ಪು ಗೊತ್ತಾಗ್ತದೆ, ಖಾರ ಸುಡ್ತದೆ. ಬಾಕಿ ಎಂತದೂ ಇಲ್ಲ ಮಾರಾಯ್ತಿ. ಬಂಗುಡೆ ಹುರಿದದ್ದೂ ಒಂದೇ, ಸ್ಲೇಟು ಒರೆಸುವ ಸ್ಪಂಜೂ ಒಂದೇ."

"ಭಾಳ ದುಃಖ ಆಗಿರ್ಬೇಕಲ್ರಿ."

"ದುಃಖ ಆಗಿದ್ರೆ ಒಳ್ಳೆದಿತ್ತು. ಅದೂ ಇಲ್ಲ. ಮೊಮ್ಮಗು ಹುಟ್ಟಿತಲ್ಲ, ಎತ್ತಿಕೊಂಡೆ. ಮಗುವಿನ ತಲೆಗೆ ಒಂದು ವಾಸನೆ ಉಂಟಲ್ಲ? ಬರ್ಲಿಲ್ಲ. ಎಲ್ಲರೂ ನನ್ನ ಮುಖ ನೋಡ್ತಿದ್ರು, ನಾನು ನಗಾಡಿದೆ. ಯಾರದೋ ಮಗುವನ್ನು ಯಾರೋ ಎತ್ತಿಕೊಂಡ ಹಾಗೆ ಇತ್ತು."

ಅಯ್ಯೋ ಎಂದು ನನ್ನ ಮನಸ್ಸು ಕರಗಿದ್ದು ನಿಜ. ಆದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತಲೆಯಲ್ಲಿ ಬೇರೆಯದೇ ಹೊಳೆಯಿತು, ಪಿತ್ತ ನೆತ್ತಿಗೇರಿತು.

"ಅಕ್ಕಾ, ಹಂಗಾರ ಖಿಚಡಿ?"

ಅವರು ನಡಿಗೆ ಚುರುಕು ಮಾಡಿದರು.

"ಇಷ್ಟ್ ದಿನಾ ಖಿಚಡಿ ಹ್ಯಾಂಗ ನೋಡಿದ್ರಿ? ಮಾತಾಡ್ರಿ."

"ಮರಗಮ್ಮ ಮುಚ್ಚಳ ತೆಗೆಯುವಾಗ ಅವಳ ಮುಖ ನೋಡ್ತೇನೆ," ಅಂದರು. "ಅವಳ ಮುಖ ಸರಿ ಇದ್ರೆ ಅನ್ನ ಸರಿ ಉಂಟು. ಇಷ್ಟು ವರ್ಷ ತಪ್ಪಲಿಲ್ಲ."

ಮರಗಮ್ಮ ನಮ್ಮಲ್ಲಿ ಬಡಿಸುವ ಹೆಂಗಸು. ಗಂಡ ಸೈದಪ್ಪ ಬಜಾರಿನಲ್ಲಿ ಹಮಾಲಿ. ಮಗ ಆಕಾಶ ಆಗ ಮೂರನೇ ಇಯತ್ತೆಯಲ್ಲಿದ್ದ. ಆ ಮರಗಮ್ಮನಿಗೆ ತನ್ನ ಮುಖ ನೋಡಿ ಇಡೀ ಶಾಲೆ ಉಣ್ಣುತ್ತಿದೆ ಎಂದು ಕನಸಿನಲ್ಲೂ ಗೊತ್ತಿರಲಿಲ್ಲ. ನಾನು ದಾರಿಯಲ್ಲೇ ಕೂಗಾಡಿದೆ. ಮಕ್ಕಳಿಗೆ ಹೆಚ್ಚುಕಮ್ಮಿ ಆದರೆ ಯಾರು ಹೊಣೆ, ನಿಮಗೆ ಬುದ್ಧಿ ಇದೆಯೋ ಇಲ್ಲವೋ, ಎಂದೆಲ್ಲ. ಪಾನ್ ಅಂಗಡಿಯವನು ಎದ್ದು ನಿಂತು ನೋಡಿದ.

"ಇವತ್ತೇ ಸರ್‌ಗೆ ಹೇಳ್ರಿ. ಇಲ್ಲಾಂದ್ರ ನಾ ಹೇಳ್ತೀನಿ."

"ಹೇಳಿದ್ರೆ ಮತ್ತೆ ನಾನು ಯಾರು ನಾಗವೇಣಿ?" ಅಂದರು. ದನಿ ಏರಲಿಲ್ಲ, ಇಳಿಯಲಿಲ್ಲ. "ಮನೆಯಲ್ಲೂ ಅದೇ, ಇಲ್ಲೂ ಅದೇ. ನನ್ನ ಮೂಗು ಬಿಟ್ರೆ ನನ್ನ ಹತ್ರ ಎಂತ ಉಂಟು?"

ಮನೆಯದು ಇನ್ನೊಂದು ರಾಮಾಯಣ. ಅವರ ಯಜಮಾನರು ಜಯಶೀಲರಿಗೆ ಡೊಂಬಿವಲಿ ಸ್ಟೇಷನ್ ಹತ್ತಿರ ಚಿಕ್ಕದೊಂದು ಹೊಟೇಲು. ಮದುವೆಯಾದ ಹೊಸತರಿಂದಲೂ ಬೆಳಗಿನ ಮೊದಲ ಸಾಂಬಾರಿನ ಒಂದು ಬಟ್ಟಲು ಮೇಲಿನ ಮನೆಗೆ ಬರುತ್ತದೆ. ಲೋಲಾಕ್ಷಿ ಟೀಚರ್ ಮೂಸಿ, ನೆಕ್ಕಿ, ಕೊತ್ತಂಬರಿ ಹೆಚ್ಚಾಯಿತು, ಇಂಗು ಸಾಲದು ಎಂದು ಹೇಳಿ ಕಳಿಸಿದ ಮೇಲೆಯೇ ಗಿರಾಕಿಗೆ ಇಡ್ಲಿ. ನಾಲ್ಕು ವರ್ಷದಿಂದ ಅವರು ಒಂದೇ ಮಾತು ಹೇಳಿ ಕಳಿಸುತ್ತಿದ್ದರು: ಲಾಯ್ಕುಂಟು, ಅಂದರೆ ಚೆನ್ನಾಗಿದೆ.

ಬೇಸಿಗೆ ರಜೆ ಸಿಗುವ ಮೊದಲು ಸರ್‌ಗೆ ಹೇಳುತ್ತೇನೆ ಅಂದರು ಲೋಲಾಕ್ಷಿ ಟೀಚರ್. ಅಲ್ಲಿಯವರೆಗೆ ನಾನು ದಿನಾ ಅವರ ಪಕ್ಕದಲ್ಲಿ ನಿಂತು ಖಿಚಡಿ ಮೂಸುವುದೆಂದು ಮಾತಾಯಿತು. ಒಪ್ಪಿದೆ. ಅವರ ಮುಖದಲ್ಲಿ ಏನಾದರೂ ಇದ್ದಿದ್ದರೆ, ಅಳು, ಸಿಟ್ಟು, ಏನಾದರೂ, ನಾನು ಒಪ್ಪುತ್ತಿರಲಿಲ್ಲ. ಏನೂ ಇಲ್ಲದ ಮುಖದ ಜೊತೆ ಹೇಗೆ ಜಗಳವಾಡುವುದು?

ಏಪ್ರಿಲ್‌ನಲ್ಲಿ ಪುನರಾವರ್ತನೆಗೆಂದು ಬಟ್ಟಲುಗಳ ಪಾಠ ಮತ್ತೊಮ್ಮೆ ನಡೆಯಿತು. ನನ್ನ ವರ್ಗಕ್ಕೂ ಅವರ ವರ್ಗಕ್ಕೂ ನಡುವೆ ಇರುವುದು ಪ್ಲೈವುಡ್ಡಿನ ಗೋಡೆ. ಆ ಕಡೆ ಸೀನಿದರೆ ಈ ಕಡೆ ಗೊತ್ತಾಗುತ್ತದೆ. ಬಟ್ಟಲಿನ ಮುಚ್ಚಳಗಳ ಮೂಲೆಗೆ ಲೋಲಾಕ್ಷಿ ಟೀಚರ್ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡಿರುತ್ತಿದ್ದರು, ಯಾವುದು ಯಾವುದೆಂದು ತಿಳಿಯಲು. ಅಂದು ಯಾವನೋ ತುಂಟ ಮುಚ್ಚಳಗಳನ್ನು ಅದಲುಬದಲು ಮಾಡಿಬಿಟ್ಟಿದ್ದ.

"ಇದು ಇಂಗು," ಎಂದು ಅವರ ದನಿ ಕೇಳಿಸಿತು. "ಅಡುಗೆಮನೆಯಲ್ಲಿ ಒಗ್ಗರಣೆಗೆ ಹಾಕ್ತಾರಲ್ಲ, ಆ ವಾಸನೆ. ಬಂತಾ?"

ಮಕ್ಕಳು ಗೊಳ್ಳೆಂದರು. "ಟೀಚರ್, ಕರ್ಪೂರ! ಕರ್ಪೂರ ಹೈ!"

ಬಟ್ಟಲು ಮೇಜಿಗೆ ಇಟ್ಟ ಸದ್ದು ಕೇಳಿತು. ಆಮೇಲೆ ಅವರು ನಕ್ಕರು. "ನಿಮ್ಮನ್ನು ಪರೀಕ್ಷೆ ಮಾಡಿದ್ದು," ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಕಾಶನ ದನಿ ಮಾತ್ರ ಬೇರೆಯಾಗಿ ಕೇಳಿತು. "ಟೀಚರ್‌ಗ ನೆಗಡಿ ಆಗ್ಯದ," ಎಂದು ಯಾರಿಗೋ ಹೇಳುತ್ತಿದ್ದ. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಮರಾಠಿ ವಾಕ್ಯ ಅರ್ಧಕ್ಕೆ ನಿಂತಿತು. ಒಂದೊಂದು ಸುಳ್ಳೂ ಅವರಿಗೆ ಎಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದುಕೊಂಡೆ.

ಅದರ ಮರುದಿನ ನನಗೆ ಕೇಂದ್ರ ಶಾಲೆಯಲ್ಲಿ ಮೀಟಿಂಗು. ಬೆಳಿಗ್ಗೆ ಅವರಿಗೆ ಮತ್ತೆ ಮತ್ತೆ ಹೇಳಿದ್ದೆ: ನಾ ಬರೂತನ ಮುಚ್ಚಳ ತೆಗೀಬ್ಯಾಡ್ರಿ. ಆದರೆ ಅಂದು ಟೆಂಪೊವೇ ತಡವಾಗಿ ಬಂತು. ಶಿಳ್ ರಸ್ತೆಯಲ್ಲಿ ಟ್ರಾಫಿಕ್ ಜಾಮು. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಡಬರಿಗಳು ಎಷ್ಟು ಹೊತ್ತು ಕುದಿದವೋ. ಊಟದ ವೇಳೆ ದಾಟಿತ್ತು, ಮಕ್ಕಳು ವರಾಂಡದಲ್ಲಿ ತಾಟು ಹಿಡಿದು ಸಾಲಾಗಿ ಕೂತಿದ್ದರು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಬೆಳಿಗ್ಗೆ ಚಹಾ ಬಿಟ್ಟು ಏನೂ ತಿಂದು ಬರುವುದಿಲ್ಲ.

ನಾನು ಗೇಟು ದಾಟಿ ಒಳಗೆ ಬರುವಾಗ ಡಬರಿಯ ಮುಚ್ಚಳ ತೆಗೆದಾಗಿತ್ತು. ಮೊದಲು ಏನಾಯಿತೆಂದು ಆಮೇಲೆ ಯಂಕಪ್ಪ ಸರ್ ಹೇಳಿದರು. ಅವರು "ಲಗೂ ನೋಡ್ರಿ ಟೀಚರ್, ಹುಡುಗ್ರು ಹಸ್ದಾವ" ಎಂದು ಅವಸರ ಮಾಡಿದರಂತೆ. ಮರಗಮ್ಮ ಮುಚ್ಚಳ ತೆಗೆದಳಂತೆ. ಲೋಲಾಕ್ಷಿ ಟೀಚರ್ ಎಂದಿನಂತೆ ಅವಳ ಮುಖ ನೋಡಿದರಂತೆ. ಮರಗಮ್ಮ ಮೂಗು ಬಾಯಿಗೆ ಸೆರಗು ಸುತ್ತಿಕೊಂಡಿದ್ದಳು, ಕಣ್ಣು ಕೆಂಪಾಗಿದ್ದವು.

"ಎಂತಾಯ್ತು ಮರಗಮ್ಮ, ವಾಸನೆಯಾ?"

"ನೆಗಡಿ ರೀ ಟೀಚರ್. ಎರಡೂ ಹೊಳ್ಳಿ ಕಟ್ಯಾವ. ಏನೂ ಗೊತ್ತಾಗಂಗಿಲ್ಲ."

ಲೋಲಾಕ್ಷಿ ಟೀಚರ್ ಚಮಚೆಯಲ್ಲಿ ಖಿಚಡಿ ತೆಗೆದುಕೊಂಡರು. ಬಾಯಿಗೆ ಇಟ್ಟುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಆಮೇಲೆ ಚಮಚೆಯನ್ನು ಡಬರಿಯ ಅಂಚಿಗೆ ಇಟ್ಟು, ನೆಲದ ಮೇಲೆ ಕೂತುಬಿಟ್ಟರು.

"ಮೂರನೇ ಇಯತ್ತೆಯವರು ಬನ್ನಿ," ಅಂದರು. "ನಿನ್ನೆಯ ಪಾಠದ ಹಾಗೆ. ಕಣ್ಣು ಮುಚ್ಚಿ, ಮೂಸಿ, ಹೇಳಿ."

ನಾನು ಮೆಟ್ಟಿಲ ಹತ್ತಿರ ಬಂದಾಗ ಕಂಡದ್ದು ಇದು: ಮಕ್ಕಳು ಒಬ್ಬೊಬ್ಬರಾಗಿ ಡಬರಿಯ ಮೇಲೆ ಬಾಗುತ್ತಿದ್ದಾರೆ. ಯಂಕಪ್ಪ ಸರ್ ಕೈಕಟ್ಟಿ ನಗುತ್ತಾ ನಿಂತಿದ್ದಾರೆ, ಟೀಚರ್ ಏನೋ ಪ್ರಯೋಗ ಮಾಡಿಸುತ್ತಿದ್ದಾರೆಂದು. ಅಷ್ಟರಲ್ಲಿ ನನ್ನ ಮೂಗಿಗೆ ಬಡಿಯಿತು ವಾಸನೆ. ಹುಳಿ ಹತ್ತಿದ ಬೇಳೆ, ಒದ್ದೆ ಬಟ್ಟೆ ಮಡಿಸಿಟ್ಟ ಹಾಗೆ. ಅದಕ್ಕೆ ದೊಡ್ಡ ಮೂಗೇನೂ ಬೇಕಿರಲಿಲ್ಲ. ಯಂಕಪ್ಪ ಸರ್ ಬಾಯಲ್ಲಿ ತಂಬಾಕು ಇಲ್ಲದಿದ್ದರೆ ಅವರಿಗೂ ಗೊತ್ತಾಗುತ್ತಿತ್ತು.

ಮೊದಲ ಹುಡುಗ ಸಾತ್ವಿಕ ಕಣ್ಣು ಮುಚ್ಚಿ ಮೂಸಿದ. ಉಗುಳು ನುಂಗಿದ.

"ಹೇಗುಂಟು?"

"ಚಲೋ ಅದ್ರಿ ಟೀಚರ್."

ಅವನ ಹಿಂದಿನವಳು ಮೂಸಿದಳು. "ಅಚ್ಛಾ ಹೈ ಟೀಚರ್." ಅವಳ ಹಿಂದಿನವನೂ ಅದೇ ಅಂದ. ತಾಟುಗಳನ್ನು ಎದೆಗೆ ಅವುಚಿ ಹಿಡಿದುಕೊಂಡಿದ್ದರು. ಆ ಮಕ್ಕಳಿಗೆ ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ ಹೇಳುತ್ತಿದ್ದರು. ಇದು ವಾಪಸ್ ಹೋದರೆ ಇವತ್ತು ಊಟವಿಲ್ಲ, ಅದು ಅವರಿಗೆ ಪಾಠಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ಅಕ್ಕಾ!" ಎಂದು ಕೂಗಿದೆ.

ಅವರು ತಿರುಗಿ ನನ್ನನ್ನು ನೋಡಿ ಕೈ ಎತ್ತಿದರು. "ನಾಗವೇಣಿ, ನೀನು ಹೇಳ್ಬೇಡ."

ನಾನು ಎಂದೂ ಯಾರ ಮಾತೂ ಕೇಳಿದವಳಲ್ಲ. ಅಂದು ಅದು ಹೇಗೋ ಕೇಳಿದೆ.

"ಮಕ್ಕಳೇ, ಇಲ್ಲಿ ಕೇಳಿ," ಅಂದರು ಅವರು. ಪಾಠ ಹೇಳುವ ಅದೇ ದನಿ. "ನನಗೆ ವಾಸನೆ ಬರುವುದಿಲ್ಲ. ನಾಲ್ಕು ವರ್ಷ ಆಯ್ತು. ನಿನ್ನೆ ಕರ್ಪೂರಕ್ಕೆ ಇಂಗು ಅಂದೆನಲ್ಲ, ಅದು ಪರೀಕ್ಷೆ ಅಲ್ಲ. ನನಗೆ ಗೊತ್ತಾಗ್ಲಿಲ್ಲ. ಈ ಖಿಚಡಿ ಒಳ್ಳೆದುಂಟಾ ಹಾಳಾಗಿದೆಯಾ, ಅದೂ ಗೊತ್ತಾಗುವುದಿಲ್ಲ. ದಿನಾ ಸರಿ ಉಂಟು ಅಂತ ಸುಳ್ಳು ಹೇಳ್ತಿದ್ದೆ. ಅದಕ್ಕೆ ಇವತ್ತು ನೀವು ಹೇಳ್ಬೇಕು. ಹೊಟ್ಟೆ ಹೇಳಿದ್ದು ಬೇಡ. ಮೂಗು ಹೇಳಿದ್ದು ಹೇಳಿ. ಹಾಳಾಗಿದೆ ಅಂದ್ರೆ ನಿಮ್ಮನ್ನು ಉಪವಾಸ ಬಿಡುವುದಿಲ್ಲ, ಬೇರೆ ಎಂತಾದ್ರೂ ಕೊಡ್ತೇನೆ."

ಯಂಕಪ್ಪ ಸರ್ ಕಟ್ಟಿದ ಕೈ ಬಿಟ್ಟರು. ಬಾಯಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು.

ಸಾಲಿನಲ್ಲಿ ಮುಂದಿದ್ದವನು ಆಕಾಶ. ಡಬರಿಯ ಮೇಲೆ ಬಾಗಿದ, ಕಣ್ಣು ಮುಚ್ಚಿದ. ಆಮೇಲೆ ಕಣ್ಣು ತೆರೆದು ಮೊದಲು ತನ್ನ ಅವ್ವನನ್ನು, ಆಮೇಲೆ ಟೀಚರನ್ನು ನೋಡಿದ.

"ಹಳಸ್ಯದ್ರಿ ಟೀಚರ್," ಅಂದ.

ಚಲೋ ಅದ ಎಂದಿದ್ದ ಸಾತ್ವಿಕ ಹೋ ಎಂದು ಅಳಲು ಶುರುಮಾಡಿದ.

ಡಬರಿಗಳು ವಾಪಸ್ ಹೋದವು. ಯಂಕಪ್ಪ ಸರ್ ಬಾಳೆಹಣ್ಣು, ಬಿಸ್ಕೀಟು ತರಿಸಿದರು. ಮಕ್ಕಳು ತಿಂದು, ಸಿಪ್ಪೆ ಎಸೆದಾಡಿ, ಅಳುವುದನ್ನೂ ಮರೆತರು. ಮಕ್ಕಳು ಮರೆಯುತ್ತಾರೆ. ಮರಗಮ್ಮ ಮರೆಯಲಿಲ್ಲ. ಬಡಿಸುವ ಸೌಟು ಹಿಡಿದುಕೊಂಡೇ ಲೋಲಾಕ್ಷಿ ಟೀಚರ್ ಎದುರಿಗೆ ಬಂದು ನಿಂತಳು.

"ನನ್ನ ಮಗಾ ಒಂದನೇ ಇಯತ್ತೆಲಿಂದ ನಿಮ್ಮ ಮೂಗು ನಂಬಿ ಉಂಡಾನ್ರಿ," ಅಂದಳು. "ಬರೀ ನನ್ನ ಮಗಾ ಅಲ್ಲ, ಇಷ್ಟೂ ಹುಡುಗ್ರು. ನಾವು ಓದ್ಲಾರದ ಮಂದಿ, ಟೀಚರ್ ನೋಡ್ಯಾರ ಅಂದ್ರ ಮುಗೀತು ಅಂತಿದ್ವಿ. ಒಂದ್ ಮಾತ್ ನನಗರೆ ಹೇಳಿದ್ರ ನಾ ಮೂಸಿ ನೋಡ್ತಿದ್ದಿಲ್ಲೇನ್ರಿ?"

ಮರಗಮ್ಮ ಸೌಟನ್ನು ಖಾಲಿ ಬಕೆಟ್ಟಿಗೆ ಎಸೆದು ಹೋದಳು. ಆ ಸದ್ದಿಗೆ ಒಂದನೇ ಇಯತ್ತೆಯ ಮಗುವೊಂದು ಬೆಚ್ಚಿತು.

ಹಿಂದಿರುಗುವಾಗ ಗಾಡಿಯಲ್ಲಿ ಕೇಳಿದೆ. "ನನ್ನ ಯಾಕ ತಡದ್ರಿ? ನಾ ಒಂದ್ ಮಾತ್ ಅಂದಿದ್ರ ಮುಗೀತಿತ್ತಲ್ಲ."

"ನೀನು ಹೇಳಿದ್ರೆ ಖಿಚಡಿ ವಾಪಸ್ ಹೋಗ್ತಿತ್ತು, ನನ್ನ ಮರ್ಯಾದೆ ಉಳೀತಿತ್ತು," ಅಂದರು. "ಮತ್ತೆ ನಾಳೆ?"

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಬೈಯಲೂ ಇಲ್ಲ. ಯಂಕಪ್ಪ ಸರ್ ಖಿಚಡಿ ನೋಡುವ ಕೆಲಸವನ್ನು ನನಗೆ ವಹಿಸಿದರು, ಅಷ್ಟೇ. ಸಾಹೇಬರು ಬಂದಾಗ ಈಗ ಯಾರನ್ನೂ ಮುಂದೆ ನಿಲ್ಲಿಸುವುದಿಲ್ಲ. ಸ್ಟಾಫ್‌ರೂಮಿನಲ್ಲಿ ಅವರು ಬಂದರೆ ಮಾತು ನಿಲ್ಲುತ್ತದೆ, ಹೋದರೆ ಶುರುವಾಗುತ್ತದೆ. ನನಗೆ ಇದೆಲ್ಲ ಕಂಡು ಮೈ ಉರಿಯುತ್ತಿತ್ತು. ನಾಲ್ಕು ಮಾತು ಅಂದುಬಿಡೋಣ ಎಂದು ಹೋದರೆ, ಮರಗಮ್ಮನ ಮುಖ ನೆನಪಾಗಿ ಅದೂ ಬಾಯಿಂದ ಬರುತ್ತಿರಲಿಲ್ಲ. ಮರಗಮ್ಮ ಇವತ್ತಿಗೂ ಅವರ ಜೊತೆ ನೆಟ್ಟಗೆ ಮಾತಾಡುವುದಿಲ್ಲ. "ಅವಳು ಮಾಡುವುದು ಸರಿಯೇ ಉಂಟು" ಅನ್ನುತ್ತಾರೆ ಲೋಲಾಕ್ಷಕ್ಕ.

ಆ ಭಾನುವಾರ ಅವರು ಹೊಟೇಲಿಗೆ ಇಳಿದು ಹೋಗಿ ಯಜಮಾನರಿಗೂ ಹೇಳಿದರಂತೆ. ಅವರ ಮನೆಮಾತು ತುಳು. ಏನೇನು ಮಾತಾಯಿತೆಂದು ನನಗೆ ಕನ್ನಡದಲ್ಲಿ ಹೇಳಿದರು. ಜಯಶೀಲರು ಗಲ್ಲಾ ಮೇಜು ಒರೆಸುತ್ತಿದ್ದವರು ತಲೆ ಎತ್ತಲಿಲ್ಲವಂತೆ.

"ಗೊತ್ತುಂಟು ನನಗೆ," ಅಂದರಂತೆ. "ಒಗ್ಗರಣೆ ಕರಟಿದ ದಿನವೂ ನೀನು ಲಾಯ್ಕುಂಟು ಅಂತ ಹೇಳಿ ಕಳಿಸಿದಿ."

"ಮತ್ತೆ ಯಾಕೆ ದಿನಾ ಬಟ್ಟಲು ಕಳಿಸ್ತಿದ್ರಿ?"

"ಕಳಿಸುದು ನಿಲ್ಲಿಸಿದ್ರೆ ನೀನು ಎಂತ ತಿಳ್ಕೊಳ್ತಿದ್ದಿ?"

ಇದನ್ನು ಹೇಳಿ ಲೋಲಾಕ್ಷಕ್ಕ ಗಾಡಿಯ ಕಿಟಕಿಯ ಸರಳು ಹಿಡಿದುಕೊಂಡು ಕೂತರು. ನನ್ನ ಕಣ್ಣು ತುಂಬಿ ಬಂದಿದ್ದವು. ಅವರವು ಒಣಗಿಯೇ ಇದ್ದವು.

"ನನಗೆ ಅಳು ಬರ್ಬೇಕಿತ್ತು ನಾಗವೇಣಿ," ಅಂದರು. "ಈಗ ಬರ್ತದೆ, ಈಗ ಬರ್ತದೆ ಅಂತ ಕಾದೆ. ಬರ್ಲಿಲ್ಲ. ಅವರು ಗಲ್ಲಾ ಒರೆಸಿದ್ರು, ನಾನು ಮೇಲೆ ಬಂದು ಬಟ್ಟೆ ಒಣಗಿಸಿದೆ."

ಜೂನ್‌ನಲ್ಲಿ ಶಾಲೆ ಶುರುವಾಯಿತು. ಆಕಾಶನ ತಂಡ ನಾಲ್ಕಕ್ಕೆ ಹೋಯಿತು, ಮೂರಕ್ಕೆ ಹೊಸ ಮಕ್ಕಳು ಬಂದರು. ಜ್ಞಾನೇಂದ್ರಿಯಗಳ ಪಾಠ ಈ ಸಲ ಅವರು ಬಿಟ್ಟುಬಿಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಸೇರಿ. ಒಂದು ದಿನ ಚೀಲದಲ್ಲಿ ಬಟ್ಟಲುಗಳ ಸದ್ದು ಕೇಳಿತು. ಪ್ಲೈವುಡ್ಡಿಗೆ ಕಿವಿಗೊಟ್ಟೆ, ಮುಚ್ಚಿಡುವುದೇನು, ಕಿವಿ ಒತ್ತಿಯೇ ನಿಂತೆ.

"ನನ್ನ ಮೂಗು ಕೆಲಸ ಮಾಡುವುದಿಲ್ಲ," ಎಂದು ಅವರು ಶುರುಮಾಡಿದರು. "ಕೆಲವರ ಕಣ್ಣು ಕೆಲಸ ಮಾಡುವುದಿಲ್ಲ ಅ‌ಲ್ಲವಾ, ಹಾಗೆ. ಈ ಬಟ್ಟಲಲ್ಲಿ ಎಂತ ಉಂಟು ಅಂತ ಮೂಸಿದ್ರೆ ನನಗೆ ಗೊತ್ತಾಗುವುದಿಲ್ಲ. ಹೆಸರು ಹೇಳಿದ್ರೆ ಸಾಲದು. ಅದು ಹೇಗುಂಟು, ನನಗೆ ಗೊತ್ತಾಗುವ ಹಾಗೆ ಹೇಳ್ಬೇಕು."

ಹೆಸರು ಹೇಳುವುದು ಸುಲಭ. ಇದು ಸುಲಭವಲ್ಲ. ಬಹಳ ಹೊತ್ತು ಗುಜುಗುಜು ನಡೆಯಿತು. ಆಮೇಲೆ ಒಂದು ಮಗು, "ಇಂಗು ಅಂದ್ರ ನಮ್ಮ ಆಯಿ ಡಬ್ಬಿ ತೆಗದಂಗ್ರಿ" ಅಂದಿತು. ಇನ್ನೊಂದು, "ಕರ್ಪೂರ ನಾಕ್ ಮೇ ಠಂಡಾ ಠಂಡಾ, ಒಳಗ ಬರ್ಫ್ ಇಟ್ಟಂಗ" ಅಂದಿತು. ತುಕ್ಕು ಹಿಡಿದ ನಟ್ಟಿನ ಬಟ್ಟಲು ಬಂದಾಗ ಒಂದು ಹುಡುಗಿ, "ಅಪ್ಪ ಬಂದು ಎತ್ಕೊಂಡಂಗ" ಎಂದಳು. ಲೋಲಾಕ್ಷಕ್ಕ ಪ್ರತಿಯೊಂದಕ್ಕೂ "ಹೌದಾ? ಮತ್ತೆ?" ಎಂದು ಕೇಳುತ್ತಿದ್ದರು. ಗಂಟೆ ಹೊಡೆದರೂ ಆ ವರ್ಗ ಏಳಲಿಲ್ಲ. ನನ್ನ ವರ್ಗದವರು ಇಷ್ಟು ಹೊತ್ತು ಗದ್ದಲ ಮಾಡುತ್ತಿದ್ದರೆಂಬುದು ನನಗೆ ಆಮೇಲೆಯೇ ಗೊತ್ತಾಯಿತು.

ಅವರಿಗೆ ಏನಾದರೂ ವಾಪಸ್ ಬಂತೇ ಎಂದು ಕೇಳಬೇಡಿ. ಬಂದಿಲ್ಲ. ಊಟ ಈಗಲೂ ಬಾಯಿಗೆ ಹಾಕುವ ಒಂದು ಕೆಲಸ. ಮೊಮ್ಮಗು ಮಡಿಲಿಗೆ ಬಂದರೆ ಬೆನ್ನು ತಟ್ಟುತ್ತಾರೆ, ಮಲಗಿಸುತ್ತಾರೆ. ಡಾಕ್ಟರು ಇನ್ನು ಏನೂ ಹೇಳುವುದಿಲ್ಲ.

ಮೊನ್ನೆ ಬೆಳಿಗ್ಗೆ ಗಾಡಿಯಲ್ಲಿ ಎದುರುಬದುರು ಕೂತಿದ್ದೆವು. ಕಾರ್ಖಾನೆಗಳ ಸಾಲು ಬಂತು. ಮಳೆಗಾಲದ ತೇವಕ್ಕೆ ವಾಸನೆ ಕೆಳಗೇ ಕೂತಿತ್ತು, ಅಂದು ವಿಪರೀತ. ಇಡೀ ಡಬ್ಬಿ ಮೂಗು ಮುಚ್ಚಿಕೊಂಡಿತು, ನಾನೂ ಸೆರಗು ಒತ್ತಿ ಹಿಡಿದೆ. ಲೋಲಾಕ್ಷಕ್ಕ ಕೈ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪಕ್ಕದ ಮರಾಠಿ ಹೆಂಗಸು ಅವರ ಮೊಣಕೈ ಮುಟ್ಟಿ, ಮೂಗು ಮುಚ್ಚಿಕೊಳ್ಳಿ ಕಾಕೂ, ತ್ರಾಸಾಗುತ್ತದೆ, ಎಂದಳು.

"ಮಲಾ ವಾಸ್ ಯೇತ್ ನಾಹೀ," ನನಗೆ ವಾಸನೆ ಬರುವುದಿಲ್ಲ ಅಂದರು ಲೋಲಾಕ್ಷಕ್ಕ. ಗುರುತಿಲ್ಲದ ಹೆಂಗಸಿಗೆ, ನೆಟ್ಟಗೆ, ಚಿಲ್ಲರೆ ಇಲ್ಲ ಎಂದು ಹೇಳಿದಷ್ಟು ಸಲೀಸಾಗಿ. ಆಮೇಲೆ ನನ್ನ ಕಡೆ ತಿರುಗಿದರು.

"ಬಂತಾ?"

ಸೆರಗಿನ ಒಳಗಿನಿಂದ ತಲೆ ಆಡಿಸಿದೆ.

"ಹೇಗುಂಟು ಹೇಳು."

ನಾನು ಮೂಗಿನಿಂದ ಸೆರಗು ತೆಗೆದೆ. ಉಸಿರು ಪೂರ್ತಿ ಒಳಗೆಳೆದುಕೊಂಡೆ. ಕಣ್ಣಲ್ಲಿ ನೀರು ಬರುವಷ್ಟು ಕೆಟ್ಟ ವಾಸನೆ. ಇನ್ನೊಮ್ಮೆ ಎಳೆದುಕೊಂಡು, ಅವರಿಗೆ ಗೊತ್ತಾಗುವ ಹಾಗೆ ಹೇಳಲು ಶುರುಮಾಡಿದೆ.